ವ್ಯಾನಿನಿಂದ ಇಳಿಯದ ಮೇಷ್ಟ್ರು

ಹಾಲ್ಕುರಿಕೆಯ ಕರಿಬಸವಯ್ಯ ತೆಂಗಿನ ತೋಟ ಬಿಟ್ಟು ಬೇರೆ ಬದುಕು ಕಂಡವನಲ್ಲ. ಮನೆಗೆ ಬಂದವರಿಗೆಲ್ಲ ಎಳನೀರು ಕೆತ್ತಿಕೊಡುತ್ತಿದ್ದ. ಅವರ ಜೊತೆ ತಾನೂ ಒಂದು ಕುಡಿಯದಿದ್ದರೆ ಮರ್ಯಾದೆಯಲ್ಲ ಎನ್ನುತ್ತಿದ್ದ. ಕಿಡ್ನಿ ಸೋತು ಕಾಲು ಊದಿಕೊಂಡಾಗ ಆಸ್ಪತ್ರೆಯ ಡಾಕ್ಟರು ಎಳನೀರು ಮುಟ್ಟಬೇಡ ಎಂದರು. ಗೊಣಗುತ್ತಲೇ ಬಿಟ್ಟ.

ಆ ಬೇಸಿಗೆಯಲ್ಲಿ ಮೆಡಿಕಲ್ ಕಾಲೇಜಿನ ಮಕ್ಕಳು ಹಳ್ಳಿ ಮನೆಗಳಲ್ಲಿ ರೋಗದ ಪಾಠ ಕಲಿಯಲು ಬಂದರು. ಕಲಿಸಬೇಕಾದ ಮೇಷ್ಟ್ರು ವ್ಯಾನಿನಲ್ಲೇ ಕೂತು ಫೋನು ನೋಡುತ್ತಿದ್ದರು.

"ಕಿಡ್ನಿ ಕಾಯ್ಲೆ ಐತೆ, ಎಳ್ನೀರು ಬ್ಯಾಡ ಅಂದವ್ರೆ ಕಣಪ್ಪ, ದಿಟವಾ?" ಎಂದು ಮನೆಗೆ ಬಂದ ಮಕ್ಕಳನ್ನು ಮಚ್ಚು ಹಿಡಿದೇ ಕೇಳಿದ ಕರಿಬಸವಯ್ಯ.

"ಎಳನೀರು ಕಿಡ್ನಿಗೆ ಒಳ್ಳೇದು ಅಜ್ಜ, ದಿನಾ ಕುಡೀರಿ" ಎಂದ ಒಬ್ಬ ಹುಡುಗ. ಕಿಡ್ನಿಯಲ್ಲಿ ಕಲ್ಲಾದವರಿಗೆ ಹೇಳುವ ಮಾತನ್ನು ಕಿಡ್ನಿ ಸೋತವನಿಗೆ ಹೇಳಿದ್ದ. ತಿದ್ದುವವರು ಪಕ್ಕದಲ್ಲಿರಲಿಲ್ಲ.

"ಕೇಳಿದ್ಯೇನೇ, ಡಾಕ್ಟ್ರೇ ಹೇಳವ್ರೆ!" ಎಂದು ಎಳನೀರು ಬೇಡವೆನ್ನುತ್ತಿದ್ದ ಹೆಂಡತಿ ಗುರುಶಾಂತಮ್ಮನನ್ನು ಅಣಕಿಸಿ, ಕೆತ್ತಿ ಕುಡಿದ. ಅಂದಿನಿಂದ ದಿನವೂ ಕುಡಿದ. ವಾರದೊಳಗೆ ತೋಟದಲ್ಲೇ ಬಿದ್ದು ಸತ್ತ. ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯ ನಿಂತಿರಬೇಕು ಎಂದರು ಆಸ್ಪತ್ರೆಯವರು.

ಮರುವರ್ಷ ಅದೇ ಮೇಷ್ಟ್ರ ಜೊತೆ ಹೊಸ ಮಕ್ಕಳು ಬಂದರು. ಗುರುಶಾಂತಮ್ಮ ನೇರ ವ್ಯಾನಿನ ಹತ್ತಿರ ಹೋದಳು.

"ಇಳೀರಿ ಸ್ವಾಮಿ, ಪಕ್ಕದಲ್ಲಿ ನಿಂತು ಕಲ್ಸಿ. ನೀವು ಇಳೀದೇ ಇದ್ದಿದ್ಕೆ ನಮ್ಮ ಯಜಮಾನ್ರು ಹೋದ್ರು."

"ಬಿಸ್ಲು ಕಣಮ್ಮ. ನೋಡ್ತಾ ನೋಡ್ತಾ ಅವ್ರೇ ಕಲ್ತ್ಕೋತಾರೆ" ಎಂದು ಮೇಷ್ಟ್ರು ಗಾಜು ಏರಿಸಿಕೊಂಡರು.

ಅವಳು ತನ್ನ ಜಗಲಿಯಲ್ಲಿ ಕೂತಿದ್ದ ಮಕ್ಕಳನ್ನು ಎಬ್ಬಿಸಿ ಬಾಗಿಲು ಹಾಕಿಕೊಂಡಳು. ಅವರು ಪಕ್ಕದ ಮನೆಗೆ ಹೋದರು.