ವರ್ಗವಾಗುವವರು ಕಟ್ಟಿದ ಶಾಲೆ

ವಿಜಯವಾಡದ ಪಟಮಟದಲ್ಲಿ ನಾವು ಶಾಲೆ ತೆರೆದದ್ದು ಯಾರ ಯೋಚನೆಯಿಂದ ಎಂಬುದು ಈಗ ನನಗೆ ಖಚಿತವಿಲ್ಲ. ನನ್ನದೇ ಎಂದು ಬಹಳ ಕಾಲ ಹೇಳಿಕೊಂಡಿದ್ದೆ. ಧಾರವಾಡದ ಅಕ್ಕನದಿರಬೇಕು ಎಂದು ಈಚೆಗೆ ಅನ್ನಿಸುತ್ತದೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾವು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿದ್ದವರು. ನನ್ನ ಗಂಡನ ಬ್ಯಾಂಕಿನಲ್ಲೇ ಅವರ ಯಜಮಾನರೂ ಅಧಿಕಾರಿ. ಅವರು ಬಿ.ಎಡ್. ಮಾಡಿದ್ದರು, ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಶಾಲೆ ಹುಟ್ಟಿದ್ದು ಅಲ್ಲಿಯೇ.

ಸೊಸೈಟಿ ನೋಂದಾಯಿಸಲು ಏಳು ಜನ ಬೇಕಿತ್ತು. ನಂಬಬಹುದಾದವರು, ಕನ್ನಡದಲ್ಲಿ ಮಾತಾಡಿ ಒಪ್ಪಿಸಬಹುದಾದವರು ಎಂದು ಹುಡುಕಿ ಒಂದು ಭಾನುವಾರ ಎಲ್ಲರನ್ನೂ ಉಪ್ಪಿಟ್ಟಿಗೆ ಕರೆದೆವು. ಬಂದವರೆಲ್ಲ ಬ್ಯಾಂಕಿನ ಮನೆಯವರೇ. ಅಕ್ಕ ಅಧ್ಯಕ್ಷೆಯಾದರು. ನಾನು ಕರೆಸ್ಪಾಂಡೆಂಟ್. ಆಂಧ್ರದಲ್ಲಿ ಖಾಸಗಿ ಶಾಲೆಯ ಪರವಾಗಿ ಸರ್ಕಾರಕ್ಕೆ ಉತ್ತರ ಹೇಳುವವರನ್ನು ಹಾಗೆ ಕರೆಯುತ್ತಾರೆ. ಕೆಲವು ವರ್ಷಗಳಲ್ಲಿ ನಾವೆಲ್ಲ ಗಂಟುಮೂಟೆ ಕಟ್ಟುವವರು ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ. ವರ್ಗಾವಣೆ ನಮಗೆ ಬೇಸಿಗೆ ಬಂದು ಹೋದಷ್ಟು ಮಾಮೂಲಾಗಿತ್ತು.

ಕರೆಸ್ಪಾಂಡೆಂಟ್ ಕೆಲಸ ಎಂದರೆ ಮಕ್ಕಳ ನಡುವೆ ಇರುವುದು ಎಂದುಕೊಂಡಿದ್ದೆ. ನಾನು ಹೆಚ್ಚು ಇದ್ದದ್ದು ಕಚೇರಿಗಳ ಬೆಂಚಿನ ಮೇಲೆ. ಕಟ್ಟಡ ಗಟ್ಟಿಯಿದೆಯೆಂದು ಇಂಜಿನಿಯರು ಬರೆದುಕೊಡಬೇಕು, ಅಗ್ನಿಶಾಮಕದವರು ಬಂದು ಎರಡನೆಯ ಮೆಟ್ಟಿಲೆಲ್ಲಿ ಎಂದು ಕೇಳುತ್ತಾರೆ, ಆಟದ ಮೈದಾನಕ್ಕೆ ಕರಾರು, ಕುಡಿಯುವ ನೀರಿಗೆ ಪರೀಕ್ಷೆ, ಟೀಚರುಗಳ ಪದವಿಗೆ ದೃಢೀಕರಣ. ಬೆಂಜ್ ಸರ್ಕಲ್‌ನ ಬಿಸಿಲಲ್ಲಿ ಆಟೋಕ್ಕೆ ಕಾಯುತ್ತ ನಿಂತಾಗ ಅಕ್ಕ ತಮ್ಮ ಸೆರಗನ್ನೇ ನನ್ನ ತಲೆಗೂ ಹಿಡಿಯುತ್ತಿದ್ದರು. ಅಥವಾ ಒಮ್ಮೆ ಹಿಡಿದಿದ್ದರೋ ಏನೋ, ನೆನಪು ಅದನ್ನು ದಿನವೂ ಮಾಡಿಬಿಟ್ಟಿದೆ.

ಮೊದಲ ತಂಡದ ಮಕ್ಕಳು ಐದನೆಯ ತರಗತಿಗೆ ಬರುವ ಹೊತ್ತಿಗೆ ಅಕ್ಕನ ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಉಳಿದವರೂ ಒಬ್ಬೊಬ್ಬರಾಗಿ ಹುಬ್ಬಳ್ಳಿ, ಚೆನ್ನೈ ಎಂದು ಹೊರಟುಹೋಗಿದ್ದರು. ಆ ವರ್ಷವೇ ಮಾನ್ಯತೆ ಸಿಗಬೇಕಿತ್ತು. ಇಲ್ಲದಿದ್ದರೆ ನಾವು ಕೊಡುವ ಟಿ.ಸಿ.ಗೆ ಬೆಲೆಯಿಲ್ಲ, ಐದನೆಯ ತರಗತಿ ಮುಗಿಸಿದ ಮಕ್ಕಳನ್ನು ಬೇರೆ ಶಾಲೆಯವರು ಆರಕ್ಕೆ ಸೇರಿಸಿಕೊಳ್ಳುವುದಿಲ್ಲ.

ತಪಾಸಣೆಗೆ ಬಂದ ಶಿಕ್ಷಣ ಇಲಾಖೆಯ ಅಧಿಕಾರಿ ವಯಸ್ಸಾದವರು, ಸೌಮ್ಯ. ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಕೊನೆಗೆ, ಕಮಿಟಿಯವರನ್ನು ಕರೆಯಿರಿ, ಮಾತಾಡಬೇಕು ಎಂದರು. ಯಾರು ಯಾವ ಊರಿನಲ್ಲಿದ್ದಾರೆಂದು ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕು ತೆಲುಗಿನಲ್ಲಿ ಕೇಳಿದರು: "ಇದು ಕಮಿಟಿಯಾ ಮೇಡಂ ಗಾರು, ರೈಲ್ವೆ ಟೈಮ್ ಟೇಬಲ್ಲಾ?" ನಾನೂ ನಕ್ಕೆ. ಆಮೇಲೆ ಅವರು ನಗಲಿಲ್ಲ. ನಾಳೆ ಒಂದು ಮಗು ಮೆಟ್ಟಿಲಿಂದ ಬಿದ್ದರೆ ಕೋರ್ಟಿನವರು ಯಾರನ್ನು ಕರೆಯಬೇಕು, ಚೆನ್ನೈಯವರನ್ನೇ? ಅಧ್ಯಕ್ಷೆ ಇಲ್ಲಿಗೆ ಬಂದು ಇರಲಿ, ಇಲ್ಲವೇ ಈ ಊರು ಬಿಟ್ಟು ಹೋಗದವರಿಗೆ ಜಾಗ ಬಿಡಲಿ ಎಂದು ಹೇಳಿ ಚಹಾ ಕುಡಿದು ಹೋದರು.

ಅಕ್ಕನ ರಾಜೀನಾಮೆಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದಿತ್ತು. ನಾನು ಬೆಳಗಿನ ರೈಲು ಹತ್ತಿದೆ. ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರಿ, ನಡುಮನೆ ಖಾಲಿಯಿದೆ, ಶನಿವಾರ ಬೇಕಾದರೆ ವಿಶಾಖಪಟ್ಟಣಕ್ಕೆ ಹೋಗಿ ಬನ್ನಿ. ಅಕ್ಕ ಮರಳಿ ಬಂದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಾನು ನಿಜಕ್ಕೂ ನಂಬಿದ್ದೆ.

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಅವರ ಮನೆಯ ಬಾಗಿಲು ತೆರೆದಿತ್ತು. ಅಕ್ಕ ನನ್ನ ಕೈಚೀಲ ಕಸಿದುಕೊಂಡು ಮೊದಲು ಊಟಕ್ಕೆ ಕೂರಿಸಿದರು. ಜೋಳದ ಹಿಟ್ಟು ಇಲ್ಲಿ ಚೆನ್ನಾಗಿ ಸಿಗುವುದಿಲ್ಲ, ರೊಟ್ಟಿ ಹರಿಯುತ್ತದೆ ಎಂದು ಬೈದುಕೊಂಡರು. ಅಧಿಕಾರಿ ಹೇಳಿದ್ದನ್ನೆಲ್ಲ ಹೇಳಿದೆ. ಟೈಮ್ ಟೇಬಲ್ ಮಾತಿಗೆ ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ನಡುಮನೆಯ ಮಾತನ್ನು ನಾನು ಆಡಿದೆನೇ? ಆಡಿದ್ದು ನೆನಪಿದೆ. ಅವರು ಅದಕ್ಕೆ ಕೊಟ್ಟ ಉತ್ತರ ಮಾತ್ರ ನೆನಪಿಲ್ಲ, ಹಾಗಾಗಿ ಆಡಲೇ ಇಲ್ಲವೇನೋ ಎಂಬ ಸಂಶಯ. ದಿನಚರಿಯಲ್ಲಿ ಆ ದಿನ ಸೆಕೆಯ ಬಗ್ಗೆ ಬರೆದಿದ್ದೇನೆ, ಅಷ್ಟೇ. ಅವರು ಕೈ ತೊಳೆದು ಬಂದು ಪೆನ್ನು ಕೇಳಿದ್ದು ಸ್ಪಷ್ಟವಾಗಿದೆ.

"ಇಷ್ಟರ ಸಲುವಾಗಿ ನೀ ಯಾಕ ಬಂದಿ? ಫೋನ್ ಮಾಡಿದ್ರ ಕಳಸ್ತಿದ್ನೆಲ್ಲ."

"ನಿಮ್ಮನ್ನ ನೋಡಬೇಕಿತ್ತು ಅಕ್ಕಾ."

"ನೋಡಿದ್ಯಲ್ಲ. ಈಗ ಆ ಹುಡುಗ್ರ ಕಡೆ ನೋಡು. ಮನಿ ಮಾಲೀಕರ ಹೆಂಡ್ತಿನ್ನ ಅಧ್ಯಕ್ಷರನ್ನ ಮಾಡು. ಆಕಿ ಎಲ್ಲೂ ಹೋಗಾಕಿಯಲ್ಲ."

ಸಹಿ ಹಾಕುವ ಮುನ್ನ ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರೆಂದು ನಾನು ಅನೇಕರಿಗೆ ಹೇಳಿದ್ದೇನೆ. ಕೂತಿದ್ದರೇ, ಅಥವಾ ಕೂರಲಿ ಎಂದು ನಾನು ಬಯಸಿದ್ದೆನೇ?

ಮನೆ ಮಾಲೀಕರ ಹೆಂಡತಿ, ಎದುರು ಮನೆಯ ಡಾಕ್ಟರು, ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ಟರು ಎಲ್ಲ ಸೇರಿ ಹೊಸ ಕಮಿಟಿಯಾಯಿತು. ಒಳ್ಳೆಯವರು. ಸಭೆ ತೆಲುಗಿನಲ್ಲಿ ನಡೆಯುತ್ತಿತ್ತು, ಹೇಳಿದ ಹೊತ್ತಿಗೆ ಶುರುವಾಗುತ್ತಿತ್ತು. ಉಪ್ಪಿಟ್ಟನ್ನು ಯಾರೂ ಕೇಳಲಿಲ್ಲ, ನಾನೂ ಮಾಡಲಿಲ್ಲ. ಬೇಸಿಗೆ ರಜೆಗೆ ಮುಂಚೆ ಮಾನ್ಯತೆ ಬಂತು. ಟಿ.ಸಿ.ಗಳಿಗೆ ಸಹಿ ಮುಗಿದ ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

ಅವರು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದರು. ಉಗುಳು ಹಚ್ಚಿ ಸ್ಲೇಟು ಒರೆಸುತ್ತಿದ್ದವಳು ಎಲ್ಲಿ ಸೇರಿದಳು, ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದವನಿಗೆ ಎಲ್ಲಿ ಸೀಟು ಸಿಕ್ಕಿತು ಎಂದು. ಹೇಳಿದೆ. ಎಲ್ಲರಿಗೂ ಸಿಕ್ಕಿತ್ತು. ಕಮಿಟ್ಯಾಗ ನಿನ್ನ ಹೆಸರು ಇನ್ನೂ ಐತೇನ ಎಂದು ಕೇಳಿದರು. ಇದೆ ಎಂದೆ.

"ಇರ್ಲಿ. ಬ್ಯಾಂಕಿನವ್ರು ಕರಿಯೂ ತನಕ ಇರ್ಲಿ."

ಇನ್ನೂ ಏನೋ ಹೇಳುವವರಿದ್ದರು ಎನ್ನಿಸುತ್ತದೆ. ಅಷ್ಟರಲ್ಲಿ ಅವರ ಮಗಳು ಒಳಗಿನಿಂದ ಅಮ್ಮನನ್ನು ತೆಲುಗಿನಲ್ಲಿ ಕೂಗಿದಳು, ಅವರೂ ತೆಲುಗಿನಲ್ಲೇ ಬಂದೆ ಎಂದರು. ನಾನು ರಿಸೀವರ್ ಹಿಡಿದುಕೊಂಡೇ ಇದ್ದೆ.