ಹೊಟ್ಟೆಪಟ್ಟಿಯೂ ನನ್ನ ಮೊಣಕಾಲೂ

ತಿರುಗುತ್ತಿರುವ ಗಾಲಿಯ ಕಡ್ಡಿಗಳಿಗೆ ಚಾವಟಿಯ ಹಿಡಿ ತಾಗಿಸಿದರೆ ಕಟಕಟಕಟ ಎಂದು ಒಂದು ಸದ್ದು ಬರುತ್ತದೆ. ಜಟಕಾದವರಿಗೆ ಅದೇ ಹಾರನ್. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳಲ್ಲಿ, ಬೆಳಿಗ್ಗೆ ಎಂಟೂಕಾಲಿಗೆ ಚನ್ನಪಟ್ಟಣದ ನಮ್ಮ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದೊಡನೆ ನಾನು ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದೆ. ಆಗ ಹೈವೇ ಅಗಲ ಮಾಡುವ ಕೆಲಸ ನಡೆದಿತ್ತು. ಬಿಡದಿಯ ಫ್ಯಾಕ್ಟರಿಗಳಿಗೆ ಜನರನ್ನು ತುಂಬಿಕೊಂಡ ಬಸ್ಸುಗಳು ಒಂದರ ಬಾಲ ಇನ್ನೊಂದು ಹಿಡಿದ ಹಾಗೆ ಹೋಗುತ್ತಿದ್ದವು. ಅವುಗಳ ಏರ್ ಹಾರನ್ನಿನ ನಡುವೆ ಈ ಕಟಕಟ ಯಾರಿಗೆ ಕೇಳಬೇಕು? ನನಗೆ ಕೇಳುತ್ತಿತ್ತು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಅಂಥದೇ ಇನ್ನೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ರಿಟೈರ್ ಆದ ಮೇಲೆ ಗಂಡನ ಊರಿಗೆ ಬಂದವಳು. ದೊಡ್ಡಮಳೂರಿನ ಒಂದು ಪುಟ್ಟ ಸ್ಕೂಲಿನವರು "ದಿನಾ ಎರಡು ಪೀರಿಯಡ್ ಬನ್ನಿ ಮೇಡಂ, ಮಕ್ಕಳಿಗೆ ಪ್ರೊನನ್ಸಿಯೇಷನ್ ಬಂದರೆ ಸಾಕು" ಎಂದು ಕರೆದಿದ್ದರು. ನನ್ನ ಬಲ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ಜಟಕಾದ ಹಿಂಭಾಗದಲ್ಲಿ ಕುಳಿತು ಕಾಲನ್ನು ಮೆಟ್ಟಿಲ ಮೇಲೆ ಇಳಿಬಿಟ್ಟರೆ ಹಾಯೆನಿಸುತ್ತಿತ್ತು. ಹಿಂದಕ್ಕೆ ಸರಿಯುವ ರಸ್ತೆಯನ್ನು ನೋಡಿಕೊಂಡು ಹೋಗುವುದರಲ್ಲಿ ಏನೋ ಒಂದು ರೊಮ್ಯಾನ್ಸ್ ಕೂಡ ಇತ್ತು, ಸುಳ್ಳೇಕೆ ಹೇಳಲಿ.

ಗಾಡಿಯವನು ಅದೇ ಮಳೂರಿನ ಒಕ್ಕಲು ಮನೆಯವನು, ಐವತ್ತೈದರ ಆಸುಪಾಸು. ಇದ್ದ ತುಂಡು ಹೊಲವನ್ನು ಅಣ್ಣನಿಗೆ ಬಿಟ್ಟು ಕುದುರೆಯ ಹಿಂದೆ ಬಂದಿದ್ದ. ಬಸ್ ಸ್ಟ್ಯಾಂಡಿನ ಎದುರು ಉಳಿದಿದ್ದದ್ದೇ ಮೂರು ಜಟಕಾ. ದೇವಸ್ಥಾನಕ್ಕೆ ಹೋಗುವವರೆಲ್ಲ ಆಟೋ ಹತ್ತುತ್ತಿದ್ದರು. ಅವನ ಹೆಣ್ಣು ಕುದುರೆ ಕಂದು ಬಣ್ಣದ್ದು, ಹಣೆಯಲ್ಲಿ ಬಿಳಿ ಮಚ್ಚೆ. "ಕೂಸೇ" ಎಂದು ಕರೆಯುತ್ತಿದ್ದ. ದಾರಿಯಲ್ಲಿ ಜನ ಹತ್ತಿದಂತೆಲ್ಲ "ಮುಂದುಕ್ ಬನ್ನಿ, ಒಸಿ ಮುಂದುಕ್ ಬನ್ನಿ" ಎನ್ನುತ್ತಿದ್ದ. ಜಟಕಾದವರೆಲ್ಲ ಹಾಗೆ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಇನ್ನೊಬ್ಬರನ್ನು ತುರುಕುವ ಉಪಾಯ ಎಂದುಕೊಂಡಿದ್ದೆ. ನನಗೆ ಮಾತ್ರ ಹೇಳುತ್ತಿರಲಿಲ್ಲ. ಮೇಡಂ ಅಲ್ಲವೇ, ಅದಕ್ಕೇ ಎಂದುಕೊಂಡಿದ್ದೆ.

ಒಂದು ದಿನ ಸ್ಕೂಲಿನ ಮುಂದೆ ಇಳಿದು ಛತ್ರಿ ಬಿಚ್ಚುವಾಗ ಕುದುರೆಯ ಹೊಟ್ಟೆಯ ಕೆಳಗೆ ನೊಣ ಮುತ್ತಿದ್ದು ಕಾಣಿಸಿತು. ಬಗ್ಗಿ ನೋಡಿದೆ. ಮುಂಗಾಲಿನ ಹಿಂದೆ, ಗಾಡಿಗೆ ಕಟ್ಟುವ ಹೊಟ್ಟೆಪಟ್ಟಿ ಹಾಯುವ ಕಡೆ, ಅಂಗೈ ಅಗಲ ಕೂದಲು ಉದುರಿ ತೊಗಲು ಸುಲಿದು ಹಸಿಹಸಿಯಾಗಿತ್ತು.

"ಇದೇನಪ್ಪಾ ಇದು? ಎಷ್ಟು ದಿನದಿಂದ?"

"ಎರಡು ತಿಂಗ್ಳಾಯ್ತು ಮೇಡಮ್ಮೋರೆ. ಅರಿಶ್ನ ಹಚ್ತೀನಿ, ಬೇವಿನೆಣ್ಣೆ ಹಚ್ತೀನಿ. ಮಾಯ್ತದೆ, ತಿರ್ಗಾ ಕಿತ್ಕತ್ತದೆ."

"ವಾಸಿಯಾಗದಿದ್ದರೆ?"

ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡ. "ಗಾಯ ಇಟ್ಕಂಡು ಎಷ್ಟು ದಿನ ಕಟ್ಲಿ? ಕಟ್ದೆ ಸಾಕೋಕೂ ಆಗಾಕಿಲ್ಲ. ಬೈರಮಂಗಲದ ಕಡೆ ಇಟ್ಟಿಗೆ ಗೂಡಿನೋನು ಎರಡು ಸಲ ಬಂದು ಕೇಳ್ಬುಟ್ಟು ಹೋಗವ್ನೆ. ಅವ್ನಿಗೆ ಗಾಯ ಇದ್ರೇನು, ಇಲ್ದಿದ್ರೇನು. ಹೇರ್ತಾನೆ, ಹೊಡೀತಾನೆ. ಅವ್ನ ಕೈಗೆ ಹೋದ ಕುದ್ರೆ ಎರಡು ವರ್ಸ ತುಂಬಾಕಿಲ್ಲ."

ಆ ದಿನ ಕ್ಲಾಸಿನಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆಯ ಹೊತ್ತಿಗೆ ಮಾತ್ರ ನಿಶ್ಚಯ ಮಾಡಿಕೊಂಡಿದ್ದೆ: ಈ ಕುದುರೆಯನ್ನು ಇಟ್ಟಿಗೆ ಗೂಡಿಗೆ ಹೋಗಗೊಡುವುದಿಲ್ಲ.

ನನಗೆ ಈ ವಿಷಯದಲ್ಲಿ ಒಂದು ಜಂಬವಿತ್ತು. ನಮ್ಮ ತಂದೆ ಕುದುರೆಗಳ ಡಾಕ್ಟರು. ರಜೆಯಲ್ಲಿ ಅವರು ಕೆಲಸ ಮಾಡುತ್ತಿದ್ದ ಸ್ಟಡ್ ಫಾರ್ಮಿಗೆ ಹೋಗಿ ನಾನು ರೈಡಿಂಗ್ ಕಲಿತಿದ್ದೆ. ಜೀನನ್ನು ಬಿಗಿಯುವ ಹೊಟ್ಟೆಪಟ್ಟಿಗೆ ನಾವು ಗರ್ತ್ ಎನ್ನುತ್ತಿದ್ದೆವು. ಅದು ಕುದುರೆಯ ಮುಂಗಾಲಿನ ಮೊಣಕೈಗೆ ತೀರಾ ಹತ್ತಿರ ಬರಬಾರದು, ಒಂದು ಹಿಡಿ ಜಾಗ ಬಿಡಬೇಕು. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಒಂದೇ ಸಲ ಜಗ್ಗಿ ಬಿಗಿಯಬಾರದು. ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿಯಬೇಕು. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದರೆ ಪಟ್ಟಿಯ ಅಡಿ ಸಿಕ್ಕಿಕೊಂಡ ತೊಗಲಿನ ನೆರಿಗೆ ಬಿಡಿಸಿಕೊಳ್ಳುತ್ತದೆ. "ಅದು ಬಾಯಿ ಬಿಟ್ಟು ಹೇಳೋದಿಲ್ಲ, ನೀನೇ ಕೈಯಿಟ್ಟು ಕೇಳಬೇಕು" ಎನ್ನುತ್ತಿದ್ದರು ತಂದೆ.

ಇವನ ಕುದುರೆಗೆ ಇದ್ದದ್ದು ಗುಜರಿ ಅಂಗಡಿಯ ನೈಲಾನ್ ಬೆಲ್ಟು. ಬಿಡದಿಯ ಯಾವುದೋ ಫ್ಯಾಕ್ಟರಿಯಲ್ಲಿ ಮೆಷಿನ್ ಪೆಟ್ಟಿಗೆಗಳಿಗೆ ಬಿಗಿದು ಬಂದಿದ್ದು. ಅಂಚು ಗರಗಸದ ಹಾಗಿತ್ತು. ಆಬ್ವಿಯಸ್ಲಿ ಇದೇ ಕಾರಣ, ಎಂದೆ. ಅವನು ಬೆಲ್ಟನ್ನೂ ನನ್ನನ್ನೂ ನೋಡಿ "ಇರ್ಬೋದು" ಎಂದ.

ಮೊದಲು ಮಂಚಕ್ಕೆ ಹೆಣೆಯುವ ನವಾರವನ್ನು ಮೂರು ಪದರ ಮಾಡಿ ಹೊಲಿಸಿದೆ. ಹತ್ತಿಯದು, ಬೆವರು ಹೀರುತ್ತದೆ, ಅಗಲವಾಗಿರುವುದರಿಂದ ಒಂದೇ ಕಡೆ ಒತ್ತುವುದಿಲ್ಲ. ನಾಲ್ಕು ದಿನಕ್ಕೆ ಬೆವರಿನ ಉಪ್ಪು ಕೂತು ಬಿರುಸಾಯಿತು. ದಿನಾ ಒಗೆಯಬೇಕು ಎಂದೆ, ಒಗೆದ. ಅದರ ಒಳಗೆ ಕಂಬಳಿಯ ತುಂಡು ಕೊಟ್ಟೆ. ಕಂಬಳಿ ಚುಚ್ಚಿತು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರದ ಚಪ್ಪಲಿ ಹೊಲಿಯುವವನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಮೆದು ತೊಗಲಿನ ಪಟ್ಟಿಗೆ ತುಪ್ಪಳದ ಕುರಿಚರ್ಮ ಸೇರಿಸಿ ಹೊಲಿಸಿದೆ. ಬಕಲ್ ಎರಡೂ ಪಕ್ಕ ಒಂದೇ ಎತ್ತರಕ್ಕೆ ಬರಬೇಕೆಂದು ಟೇಪು ಹಿಡಿದು ಕುದುರೆಯ ಅಳತೆ ತೆಗೆಯುವಾಗ ಗಾಡಿಯವನಿಗೆ ನಗು ತಡೆಯಲಾಗಲಿಲ್ಲ.

"ನಮ್ಮನೇವ್ಳ ರವಿಕೆಗೂ ಇಂಗೆ ಅಳತೆ ತಗಂಡಿಲ್ಲ ಕಣ್ ಮೇಡಮ್ಮೋರೆ ಯಾರೂವೆ."

"ನಿಮ್ಮನೆಯವಳು ಗಾಡಿ ಎಳೀತಾಳೇನಪ್ಪಾ?"

"ಗಾಡಿ ಏನ್ ಬಂತು, ನನ್ನೇ ಎಳೀತವ್ಳೆ."

ದಿನಾ ಬೆಳಿಗ್ಗೆ ಗೇಟಿನ ಬಳಿ ನನ್ನ ಇನ್‌ಸ್ಪೆಕ್ಷನ್. ಎರಡು ಬೆರಳು ತೂರಿಸಿ ನೋಡುವುದು, "ಸ್ವಲ್ಪ ಹಿಂದಕ್ಕೆ" ಎನ್ನುವುದು, ಮುಂಗಾಲು ಎಳೆಸುವುದು. ಅವನು ಹೇಳಿದ್ದೆಲ್ಲ ಮಾಡಿದ. ಆಮೇಲೆ ನಾನು ಹಿಂದೆ ಹತ್ತಿ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಅವನು ಮುಂದುಗಡೆ, ತೀರಾ ತುದಿಯಲ್ಲಿ, ಕುದುರೆಯ ಬೆನ್ನಿನ ಮೇಲೆಯೇ ಕೂತನೇನೋ ಎನ್ನುವಷ್ಟು ಮುಂದೆ ಕೂರುತ್ತಿದ್ದ. ಹುರುಳಿಯ ಮೂಟೆಯೊಂದನ್ನು ಕಾಲ ಬಳಿ ಇಟ್ಟುಕೊಂಡಿರುತ್ತಿದ್ದ. ಹೊಳೆಯ ಸೇತುವೆಯ ಏರು ಬಂದರೆ ಕೆಳಗಿಳಿದು, ಕುದುರೆಯ ಪಕ್ಕಕ್ಕೆ ಹಾಯುವ ಗಾಡಿಯ ಮರವನ್ನು ಎರಡೂ ಕೈಯಿಂದ ಅದುಮಿಕೊಂಡು ನಡೆಯುತ್ತಿದ್ದ. ಪಾಪ, ಕುದುರೆಯ ಮೇಲೆ ಎಷ್ಟು ಕನಿಕರ ಎಂದುಕೊಳ್ಳುತ್ತಿದ್ದೆ.

ದಸರಾ ರಜೆ ಬಂತು. ಮೂರು ವಾರ ಕಳೆದು ಸ್ಕೂಲ್ ತೆರೆದ ದಿನ ನೋಡಿದರೆ ಗಾಯ ಒಣಗಿ, ಗುಲಾಬಿ ತೊಗಲಿನ ಮೇಲೆ ಸಣ್ಣ ಕೂದಲು ಹುಟ್ಟಿತ್ತು. ನನಗೆ ಎಲೊಕ್ಯೂಶನ್‌ನಲ್ಲಿ ಫಸ್ಟ್ ಪ್ರೈಜ್ ಬಂದಷ್ಟು ಖುಷಿ. "ನೋಡಿದೆಯಾ? ಎಲ್ಲಾ ಗರ್ತ್‌ನಲ್ಲಿದೆ" ಎಂದೆ. ಅವನು "ಊ" ಎಂದ, ನನ್ನ ಮುಖ ನೋಡಲಿಲ್ಲ. ಇಟ್ಟಿಗೆಯವನಿಗೆ ಇಲ್ಲ ಎಂದು ಹೇಳಿಬಿಡು ಎಂದೆ. "ಯೋಳಾನ" ಎಂದ.

ಎಂಟನೆಯ ದಿನ ಅದೇ ಜಾಗದಲ್ಲಿ ತೊಗಲು ಕಿತ್ತಿತು. ಕುರಿಚರ್ಮದ ತುಪ್ಪಳಕ್ಕೆ ಕೀವು ಅಂಟಿತ್ತು.

ಅದಾದ ಎರಡು ಮೂರು ದಿನಕ್ಕೆ, ಸೇತುವೆಯ ಈಚೆ ಒಬ್ಬ ಮುದುಕಿ ಹತ್ತಿದಳು. ಮಳೂರಿನವಳು, ದೇವಸ್ಥಾನದ ಮುಂದೆ ತುಳಸಿ, ಹೂವು ಮಾರುವವಳು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಳು.

"ಮುಂದುಕ್ ಬಾ ದೊಡ್ಡವ್ವ" ಎಂದ ಗಾಡಿಯವನು.

"ಇಲ್ಲೇ ಗಾಳಿ ಬತ್ತೈತೆ, ಇರ್ಲಿ ಬುಡ್ಲಾ."

"ಬಾ ಅಂದ್ರೆ ಬಾ. ಹಿಂದಕ್ ಬಾರ ಆಯ್ತದೆ."

ಮುದುಕಿ ತಿರುಗಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು. ನಾನು ಆಗಲೂ ದಪ್ಪವೇ. "ನಾನೊಂದು ಒಣಗಿದ್ ಕಡ್ಡಿ, ನಾನ್ ಮುಂದುಕ್ ಬರ್ಬೇಕಾ? ಈ ಅಮ್ಮಯ್ಯ ರಾಗಿ ಮೂಟೆ ಇದ್ದಂಗೆ ಹಿಂದೆ ಕುಂತವ್ಳೆ, ಇವ್ಳಿಗೆ ಯೋಳಾಕೆ ನಿನ್ ಬಾಯ್ಗೇನ್ ಬೀಗ ಹಾಕವ್ರೇನ್ಲಾ? ಮರ ನೋಡು, ಆಕಾಸಕ್ಕೆ ಎದ್ದೈತೆ. ಕುದ್ರೆನ ಹೊಟ್ಟೇಲಿ ಕಟ್ಟಿ ನೇತಾಕ್ದಂಗೆ ಐತೆ!"

"ಸುಮ್ಕಿರು ದೊಡ್ಡವ್ವ" ಎಂದು ಅವನು ಗದರಿಸಿದ. ಆ ದನಿಯಲ್ಲಿ ಮುಚ್ಚಿಡುವ ಅವಸರವಿತ್ತು. ನಾನು ಅಷ್ಟು ದಿನದಲ್ಲಿ ಮೊದಲ ಸಲ ತಿರುಗಿ ಮುಂದಕ್ಕೆ ನೋಡಿದೆ. ಗಾಡಿಯ ಎರಡು ಮರಗಳೂ ಮೂತಿ ಎತ್ತಿಕೊಂಡಿದ್ದವು. ಅವಕ್ಕೆ ಕಟ್ಟಿದ್ದ ಹೊಟ್ಟೆಪಟ್ಟಿ ಕುದುರೆಯನ್ನು ಕೆಳಗಿಂದ ಮೇಲಕ್ಕೆ ಎತ್ತಿ ಹಿಡಿದಿತ್ತು. ರೈಡಿಂಗ್‌ನ ಗರ್ತ್ ಜೀನನ್ನು ಹಿಡಿದುಕೊಳ್ಳುವುದಕ್ಕೆ ಇರುವುದು. ಜಟಕಾದ ಪಟ್ಟಿ ಗಾಡಿ ಹಿಂದಕ್ಕೆ ಮಗುಚದಂತೆ ತಡೆಯುವುದಕ್ಕೆ. ಹಿಂದಿನ ಭಾರವೆಲ್ಲ ಅದೇ ಅಂಗೈ ಅಗಲದ ಮೇಲೆ. ನವಾರವಾದರೇನು, ಕುರಿಚರ್ಮವಾದರೇನು? ಅದನ್ನು ಎಳೆಯುತ್ತಿದ್ದವಳು ನಾನು. ರಜೆಯ ಮೂರು ವಾರ ನಾನು ಇರಲಿಲ್ಲ, ಗಾಯ ವಾಸಿಯಾಗಿತ್ತು. ಹುರುಳಿಯ ಮೂಟೆ, ತುದಿಯಲ್ಲಿ ಕೂರುವುದು, ಏರಿನಲ್ಲಿ ಮರ ಅದುಮುವುದು, ಎಲ್ಲಾ ಒಟ್ಟಿಗೆ ಅರ್ಥವಾಗಿ ನನಗೆ ಕಿವಿ ಬಿಸಿಯಾಯಿತು.

ಸ್ಕೂಲಿನ ಮುಂದೆ ಮುದುಕಿ ಇಳಿದು ಹೋದ ಮೇಲೆ ಕೇಳಿದೆ. "ನಿನಗೆ ಗೊತ್ತಿತ್ತು ಅಲ್ಲವಾ?"

ಅವನು ಕುದುರೆಯ ಕುತ್ತಿಗೆ ತಿಕ್ಕುತ್ತಾ ನಿಂತ.

"ಹೇಳಬಾರದಿತ್ತಾ? ನಾನು ಬೆಲ್ಟು, ಬಕಲ್ಲು ಅಂತ ಕುಣಿಯುವಾಗಲಾದರೂ ಹೇಳಬಾರದಿತ್ತಾ?"

"ಹೆಂಗ್ ಯೋಳ್ಲಿ ಮೇಡಮ್ಮೋರೆ? ಕಾಲ್ ಮಡ್ಸಕ್ಕಾಗ್ದೇ ಇರೋರ್ನ ಮುಂದುಕ್ ಬಂದು ಚಕ್ಕಂಬಟ್ಲು ಹಾಕ್ಕೊಂಡು ಕೂರಿ ಅನ್ಲಾ? ಯೋಳಿದ್ರೆ ನೀವ್ ಬರೋದ್ನೇ ಬುಡ್ತಿದ್ರಿ. ದಿನಾ ತಪ್ದೆ ಬರೋ ಸವಾರಿ ಅಂದ್ರೆ ನೀವೊಬ್ರೇಯ. ನೀವೂ ಬುಟ್ರೆ ಬೆಳಿಗ್ಗೆ ಎದ್ದು ಗಾಡಿ ಯಾರಿಗ್ ಕಟ್ಲಿ? ಅವಾಗ್ಲೂ ಇಟ್ಟಿಗೆಯೋನೇ ತಾನೇ."

ನಾನು ಬಿಡುವುದಿಲ್ಲ ಎಂದೆ. ಇಂಗ್ಲಿಷಿನಲ್ಲಿ ಪ್ರಾಮಿಸ್ ಎಂದೂ ಸೇರಿಸಿದೆ. ಮಾರನೆಯ ದಿನ ಗಾಡಿಯ ಒಳಕ್ಕೆ ತೆವಳಿ ಮುಂದೆ ಕೂತೆ. ಗಾಡಿಯೊಳಗೆ ಹರಡಿದ್ದ ಹುಲ್ಲಿನ ಮೇಲೆ ಅವನು ಇನ್ನೊಂದು ಗೋಣಿ ಹಾಸಿದ್ದ. ಮರಗಳು ಮಟ್ಟಸವಾದವು, ಕುದುರೆ ಕಿವಿ ಅಲ್ಲಾಡಿಸಿ ಲಘುವಾಗಿ ಓಡಿತು. ನನಗೆ ಅಳು ಬರುವಷ್ಟು ನೋವು. ಇಳಿಯುವಾಗ ಅವನೂ ಸ್ಕೂಲಿನ ಆಯಾಳೂ ಸೇರಿ ನನ್ನನ್ನು ಎಳೆದು ತೆಗೆಯಬೇಕಾಯಿತು. ಮಕ್ಕಳು ಸಾಲಾಗಿ ನಿಂತು ನೋಡಿದವು. ಮೂರು ದಿನ ಹಾಗೆ ಹೋದೆ. ನಾಲ್ಕನೆಯ ದಿನ ಮೊಣಕಾಲು ಊದಿಕೊಂಡು ಎದ್ದು ನಿಲ್ಲಲಾಗಲಿಲ್ಲ.

"ಕಾಲು ಸರಿಹೋಗುವವರೆಗೆ ಆಟೋದಲ್ಲಿ ಹೋಗ್ತೀನಪ್ಪಾ" ಎಂದು ಗೇಟಿನ ಬಳಿ ಹೇಳಿದೆ.

"ಆಗ್ಲಿ ಮೇಡಮ್ಮೋರೆ. ಕಾಲ್ ನೋಡ್ಕಳಿ" ಎಂದ.

ಕಾಲು ಹದಿನೈದು ದಿನಕ್ಕೆ ಮೊದಲಿನಷ್ಟಕ್ಕೆ ಬಂತು. ಆದರೆ ನಾನು ಆಟೋ ಬಿಡಲಿಲ್ಲ. ಅಡ್ಡಡ್ಡ ಕೂತರೆ ಅಲ್ಲೂ ಹೇಗೋ ಹೊಂದಿಕೆಯಾಗುತ್ತಿತ್ತು. ಕುದುರೆಗೆ ಒಳ್ಳೆಯದಾಗಲಿ ಎಂದೇ ಬಿಟ್ಟೆ ಎಂದು ಮನೆಯಲ್ಲಿ ಹೇಳಿದೆ, ನನಗೂ ಹೇಳಿಕೊಂಡೆ. ಆ ಮಕ್ಕಳ ಎದುರು ಮತ್ತೊಮ್ಮೆ ಮೂಟೆಯ ಹಾಗೆ ಇಳಿಸಿಕೊಳ್ಳುವ ಶೇಮ್ ನನಗೆ ಬೇಡವಾಗಿತ್ತು ಎಂಬುದನ್ನು ಇವತ್ತು ಬರೆಯಬಲ್ಲೆ, ಆಗ ಬಾಯಿಬಿಟ್ಟು ಹೇಳಲಾರದೆ ಹೋದೆ. ಅವನ ಮನೆ ಸ್ಕೂಲಿನಿಂದ ಕೂಗಳತೆ ದೂರ. ಒಂದು ಸಲ ಹೋಗಿ ಮಾತಾಡಿಸಿ ಬರಬಹುದಿತ್ತು. ಮುಂದಿನ ವಾರ, ಮುಂದಿನ ವಾರ ಎಂದುಕೊಳ್ಳುತ್ತಿದ್ದಂತೆ ಪರೀಕ್ಷೆಗಳು ಬಂದವು.

ಕುದುರೆಯ ಗಾಯ ಮಾಯಿತಂತೆ, ಗುರುತೂ ಉಳಿಯದ ಹಾಗೆ. ಅದನ್ನು ಹೇಳಿದವಳು ಸ್ಕೂಲಿನ ಆಯಾ. ಅದೇ ಉಸಿರಿನಲ್ಲಿ ಹೇಳಿದಳು: "ಗಾಡಿ ನಿಲ್ಸ್ಬುಟ್ನಂತೆ ಮಿಸ್. ಕುದ್ರೆನ ಇಟ್ಟಿಗೆಯೋನ್ಗೆ ಕೊಟ್ನಂತೆ. ಬೇರೆಯೋರ ಕೈಲಿ ಹೊಡ್ಸಾಕ್ ಬುಡಾಕಿಲ್ಲ ಅಂತ ತಾನೂ ಅದ್ರ ಜೊತೇಲೇ ಕೆಲ್ಸಕ್ಕೆ ಹೋದ್ನಂತೆ. ಹುಚ್ಚು ಮುಂಡೇದು."

ಅವನನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಬೇಸಿಗೆಯಲ್ಲಿ. ಕಣ್ಣಿನ ಡಾಕ್ಟರನ್ನು ಕಾಣಲು ಬೆಂಗಳೂರಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಿಡದಿಯಲ್ಲಿ, ಬೈರಮಂಗಲದ ಕಡೆಗೆ ತಿರುಗುವ ಹತ್ತಿರ, ರಸ್ತೆ ಕೆಲಸಕ್ಕೆ ಟ್ರಾಫಿಕ್ ಕಟ್ಟಿಹಾಕಿದ್ದರು. ಪಕ್ಕದಲ್ಲಿ ಏಳುತ್ತಿದ್ದ ಯಾವುದೋ ಕಟ್ಟಡದ ಮುಂದೆ ಇಟ್ಟಿಗೆ ಗಾಡಿಯೊಂದು ನಿಂತಿತ್ತು. ಹಣೆಯ ಬಿಳಿ ಮಚ್ಚೆಯಿಂದ ಕುದುರೆಯನ್ನು ಗುರುತಿಸಿದೆ. ಪಕ್ಕೆಲುಬು ಎಣಿಸಬಹುದಿತ್ತು. ಅವನು ಇಟ್ಟಿಗೆಗಳನ್ನು ಹಿಂದಿನಿಂದ ನಾಲ್ಕು ನಾಲ್ಕಾಗಿ ಎತ್ತಿ ಇಳಿಸುತ್ತಿದ್ದ. ತಲೆಗೆ ಟವೆಲ್ಲು, ಮೈಯೆಲ್ಲ ಕೆಂಪು ಧೂಳು. ಒಬ್ಬ ಮೇಸ್ತ್ರಿ ಏನೋ ಕೂಗಿದ. ಅವನೂ ಏನೋ ತಿರುಗಿ ಕೂಗಿದ, ಇಬ್ಬರೂ ನಕ್ಕರು.

ಬಸ್ಸು ಹತ್ತು ನಿಮಿಷವಾದರೂ ನಿಂತಿತ್ತು. ಡ್ರೈವರ್ ಇಂಜಿನ್ ಆಫ್ ಮಾಡಿ ಕೆಳಗಿಳಿದು ಬೀಡಿ ಹಚ್ಚಿದ್ದ. ನಾಲ್ಕೈದು ಜನ ನೀರು ಕುಡಿಯಲು ಇಳಿದು ಬಂದರು. ನಾನು ಬ್ಯಾಗನ್ನು ಭುಜಕ್ಕೆ ಹಾಕಿಕೊಂಡೆ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಏನು ಹೇಳಬೇಕು ಎಂದು ಹೊಂದಿಸಿಕೊಳ್ಳುತ್ತಾ ಕೂತೆ. ಅಷ್ಟರಲ್ಲಿ ಇಂಜಿನ್ ಶುರುವಾಯಿತು. ಅವನು ಕುದುರೆಯನ್ನು ಬಿಚ್ಚಲು ಆಚೆಯ ಪಕ್ಕಕ್ಕೆ ಹೋಗಿದ್ದ. ಅದರ ಹೊಟ್ಟೆಯ ಕೆಳಗಿಂದ ಬರಿಗಾಲುಗಳೆರಡು ಮಾತ್ರ ಕಾಣುತ್ತಿದ್ದವು. ಬಸ್ಸು ಮುಂದಕ್ಕೆ ಹೋಯಿತು.