ಗೋಡೆ ತಟ್ಟಿದ ಲಿಯಾವ್ ಮೇಸ್ತ್ರಿ

ನಮ್ಮೂರಲ್ಲಿ ವಯಸ್ಸಾದವರಿಗೆಲ್ಲ ಶವಪೆಟ್ಟಿಗೆ ಮಾಡಿಕೊಟ್ಟವನು ಬಡಗಿ ಲಿಯಾವ್ ಮಾವೊಶೆಂಗ್. ನಾವು ಅದನ್ನು ಶವಪೆಟ್ಟಿಗೆ ಎನ್ನುವುದಿಲ್ಲ, ಆಯುಸ್ಸಿನ ಮರ ಎನ್ನುತ್ತೇವೆ. ಬದುಕಿರುವಾಗಲೇ ಮಾಡಿಸಿ ಮನೆಯಲ್ಲಿಟ್ಟುಕೊಂಡರೆ ಆಯುಸ್ಸು ಗಟ್ಟಿ. ಖಾಲಿ ಬಿಟ್ಟರೆ ಮಾತ್ರ ಮನುಷ್ಯನನ್ನು ಕರೆಯುತ್ತದೆ. ಅದಕ್ಕೇ ಒಳಗೆ ಬಿತ್ತನೆ ಭತ್ತ ತುಂಬಿಡುತ್ತೇವೆ.

ಮೇಸ್ತ್ರಿಯ ಬಾಯಿ ಬಲು ಹರಿತ. ನನ್ನದನ್ನು ಮಾಡುವಾಗ ಅಳತೆಗೆಂದು ಒಳಗೆ ಮಲಗಿಸಿ, ಬಗ್ಗಿ ನೋಡಿದ.

“ಅತ್ತಿಗೇ, ಕಾಲು ಚಾಚು. ಅಲ್ಲೂ ಮುದುಡ್ಕೊಂಡೇ ಇರ್ತೀಯಾ?”

“ನಿಮ್ಮಣ್ಣ ಗೊರಕೆ ಹೊಡೀತಿದ್ರು ಕಣಯ್ಯ, ಮೂಲೇಲಿ ಮುದುಡ್ಕೊಂಡೇ ಅಭ್ಯಾಸ.”

“ಹಂಗಾದ್ರೆ ಹಲಗೆ ದಪ್ಪ ಇಡ್ತೀನಿ ಬಿಡು. ಪಕ್ಕದ ಗುಂಡೀಲಿ ಅಣ್ಣ ಎಷ್ಟು ಗೊರಕೆ ಹೊಡೆದ್ರೂ ಕೇಳ್ಸಲ್ಲ.”

ನನ್ನ ಗಂಡನನ್ನು ಟೀ ಗುಡ್ಡದಲ್ಲಿ ಹೂಳಿದ್ದೇವೆ. ಅವರ ಎಡಕ್ಕೆ ನನಗೆಂದು ಜಾಗ ಬಿಡಿಸಿದ್ದೆ. ನನಗೆ ಬೇಕಿದ್ದುದು ಅಷ್ಟೇ.

ಆಮೇಲೆ ಸರ್ಕಾರದ ಆಜ್ಞೆ ಬಂತು. ಇನ್ನು ಯಾರನ್ನೂ ಹೂಳುವಂತಿಲ್ಲ, ಸುಡಬೇಕು. ಮನೆಯಲ್ಲಿರುವ ಪೆಟ್ಟಿಗೆಗಳನ್ನು ಒಪ್ಪಿಸಬೇಕು. ಊರ ಮೈಕಿನಲ್ಲಿ ದಿನವಿಡೀ ಅದೇ ಮಾತು. ಆಗ ಮೇಸ್ತ್ರಿ ತಾನಾಗಿಯೇ ಬಂದ. ಹಂದಿಗೂಡಿನ ಹಿಂದೆ ನನ್ನ ಪೆಟ್ಟಿಗೆಯನ್ನಿಟ್ಟು, ಅಡ್ಡಲಾಗಿ ಇಟ್ಟಿಗೆ ಕಟ್ಟಿ, ಮಣ್ಣು ಮೆತ್ತಿ, ಹಳೆ ಗೋಡೆಯಂತೆ ಕಾಣಲೆಂದು ಮಸಿ ಬಳಿದ.

“ಇದು ನಿಂಗೆ, ನಂಗೆ, ಹಂದಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ” ಎಂದ. ಒಂದು ಬಟ್ಟಲು ಅಕ್ಕಿ ಹೆಂಡ ಕುಡಿದು ಹೋದ.

ಪೆಟ್ಟಿಗೆ ಒಡೆಯುವವರು ಬಂದ ದಿನ ಅವರ ಮುಂದೆ ನಡೆದು ಬಂದವನು ಅವನೇ. ಅವನ ಮಗ ಪಟ್ಟಣದ ಶಾಲೆಯಲ್ಲಿ ಮೇಷ್ಟ್ರು. ಅಪ್ಪ ಪೆಟ್ಟಿಗೆ ಇರುವ ಮನೆಗಳನ್ನು ತೋರಿಸದಿದ್ದರೆ ಮಗನ ಕೆಲಸ ಹೋಗುತ್ತದೆಂದು ಕಚೇರಿಯವರು ಹೆದರಿಸಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು.

ಬಂದವರಲ್ಲಿ ಒಬ್ಬ ಹುಡುಗಿ ಕೇಳಿದಳು, “ಅಜ್ಜೀ, ನಿಮ್ದೆಲ್ಲಿ?”

“ನಾನು ಬಡವಿ ಕಣಮ್ಮ, ಮಾಡಿಸೇ ಇಲ್ಲ.”

ಮೇಸ್ತ್ರಿ ಹಂದಿಗೂಡಿಗೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ.

“ಮೇಸ್ತ್ರೀ!”

“ಎಲ್ಲರದ್ದೂ ಹೋಗ್ತಿದೆ ಅತ್ತಿಗೇ” ಎಂದ, ಗೋಡೆಯ ಕಡೆಗೇ ಮುಖ ಮಾಡಿ.

“ಅವರದ್ದನ್ನ ಸರ್ಕಾರ ತಗೊಂಡೋಯ್ತು. ನಂದನ್ನ ನೀನು ಕೊಟ್ಟೆ.”

ಅಂಗಳದಲ್ಲೇ ಮಣ್ಣು ಅಗೆಯುವ ಯಂತ್ರದ ಕೈಯಿಂದ ಒಡೆದರು. ಹಲಗೆ ದಪ್ಪವಿತ್ತಲ್ಲ, ಮತ್ತೆ ಮತ್ತೆ ಎತ್ತಿ ಹಾಕಬೇಕಾಯಿತು. ಚೆಲ್ಲಿದ ಭತ್ತಕ್ಕೆ ಅಕ್ಕಪಕ್ಕದ ಕೋಳಿಗಳೆಲ್ಲ ಬಂದವು. ಗಂಡನ ಎಡಕ್ಕಿದ್ದ ಜಾಗದಲ್ಲಿ ಈಗ ಟೀ ಗಿಡ ನೆಟ್ಟಿದ್ದಾರೆ. ನನ್ನ ಬೂದಿಗೆ ಪಟ್ಟಣದ ಕಟ್ಟಡದಲ್ಲಿ ಒಂದು ಗೂಡು ಸಿಗುತ್ತದಂತೆ.

ಮೇಸ್ತ್ರಿ ನನಗಿಂತ ಮೊದಲೇ ಹೋದ. ಅವನನ್ನೂ ಸುಟ್ಟರು. ಅವನ ಸೊಸೆ ಬಂದು ನನ್ನ ಬಾಗಿಲಲ್ಲಿ ಮಂಡಿಯೂರಿದಳು.

“ದೊಡ್ಡತ್ತೇ, ನೀವೇ ಬಂದು ಹಾಡ್ಕೊಂಡು ಅಳ್ಬೇಕು. ಕೊನೇಲಿ ನಿಮ್ಮನ್ನೇ ನೆನೀತಿದ್ರು.”

“ಏನಂತ?”

“‘ಅತ್ತಿಗೆಗೆ ಹೇಳು’ ಅಂತ. ಏನು ಹೇಳ್ಬೇಕು ಅಂತ ಹೇಳ್ಲೇ ಇಲ್ಲ.”

ಅವಳನ್ನು ಎಬ್ಬಿಸಿ ಕೂರಿಸಿ ಬಿಸಿ ಟೀ ಕೊಟ್ಟೆ. ಅವಳದ್ದೇನು ತಪ್ಪು? ಆದರೆ ನಾನು ಹೋಗಲಿಲ್ಲ. ಸತ್ತವನ ಬದುಕನ್ನು ಹಾಡಿ ಹೊಗಳಿ ಅಳುವುದು ನಮ್ಮಲ್ಲಿ ಮುದುಕಿಯರ ಕೆಲಸ. ಆ ಗೋಡೆಯ ಮಾತು ಬಿಟ್ಟು ಅವನನ್ನು ಹಾಡಲು ನನ್ನಿಂದಾಗದು. ಅದನ್ನೂ ಸೇರಿಸಿ ಹಾಡಿದರೆ ಅವನ ಮೊಮ್ಮಕ್ಕಳು ಕೇಳಿಸಿಕೊಳ್ಳುತ್ತಾರೆ.